ಹಿಮದಲ್ಲಿ ಮೊಲ: ಲಿಲ್ಯೆಫೋರ್ಸನ ಚಿತ್ರಗಳೂ ಕ್ಯಾಮರಾವೂ

ಚಿತ್ರ ಬರೆಯುವವನು ಕ್ಯಾಮರಾ ಹಿಡಿದು ಕಾಡಿಗೆ ಹೋದರೆ ಅವನ ಕಲೆಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಹಳೆಯದು. ಆ ಯಂತ್ರ ಹುಟ್ಟಿದಂದಿನಿಂದ ಈ ವಾದ ನಡೆದೇ ಇದೆ. ಯಂತ್ರದ ಕಣ್ಣನ್ನು ನೆಚ್ಚಿದವನ ಸ್ವಂತ ಕಣ್ಣು ಮಂದವಾಗುತ್ತದೆ, ಅವನ ಚಿತ್ರ ನಕಲಿನ ನಕಲಾಗುತ್ತದೆ ಎಂದು ಒಂದು ಪಕ್ಷದವರು ಹೇಳುತ್ತಾರೆ. ಹಕ್ಕಿ ರೆಕ್ಕೆ ಬಡಿಯುವ ಕ್ಷಣವನ್ನು ಮನುಷ್ಯನ ಕಣ್ಣು ಹಿಡಿಯಲಾರದು, ಯಂತ್ರ ಹಿಡಿದುಕೊಟ್ಟರೆ ಬೇಡವೆನ್ನುವುದೇಕೆ ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಇಬ್ಬರೂ ಸಾಮಾನ್ಯವಾಗಿ ತತ್ತ್ವವನ್ನು ಹಿಡಿದು ಮಾತಾಡುತ್ತಾರೆಯೇ ಹೊರತು ಚಿತ್ರವನ್ನು ಮುಂದಿಟ್ಟುಕೊಂಡು ಮಾತಾಡುವುದು ಕಡಮೆ. ಆದಕಾರಣ ಒಬ್ಬನೇ ಚಿತ್ರಕಾರನನ್ನೂ ಅವನ ನಾಲ್ಕಾರು ಚಿತ್ರಗಳನ್ನೂ ಎತ್ತಿಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ನನ್ನ ಉದ್ದೇಶ.

ಅವನು ಸ್ವೀಡನ್ ದೇಶದ ಬ್ರೂನೊ ಲಿಲ್ಯೆಫೋರ್ಸ್. ಹಕ್ಕಿ, ಮೊಲ, ನರಿಗಳನ್ನು ಅವು ಬಾಳುವ ನೆಲೆಯಲ್ಲಿಯೇ ಇಟ್ಟು ಬರೆದವರಲ್ಲಿ ಅವನಿಗೆ ಸಮನಾದವರು ವಿರಳ. ಬೇಟೆಗಾರನಾಗಿ ಹಿಮದಲ್ಲಿ ಅಲೆದವನು. ಕ್ಯಾಮರಾವನ್ನು ಚಿತ್ರದ ಅಭ್ಯಾಸಕ್ಕೆ ಬಳಸಿಕೊಂಡವನು. ಹಾಗೆ ಬಳಸಿಯೂ ಅದರ ಕೈಗೊಂಬೆಯಾಗದವನು. ಈ ಕೊನೆಯ ಮಾತು ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಕೊಡುವುದು ನನ್ನ ಹೊಣೆ. ಮೂಲಚಿತ್ರಗಳು ದೂರದ ಸ್ಟಾಕ್‌ಹೋಮಿನಲ್ಲಿಯೂ ಇತರ ಊರುಗಳಲ್ಲಿಯೂ ಇರುವುದರಿಂದ ನಮ್ಮಂಥವರು ಅಚ್ಚಾದ ಪ್ರತಿಗಳಿಂದ ತೃಪ್ತರಾಗಬೇಕು. ಬಣ್ಣದ ಸೂಕ್ಷ್ಮದ ವಿಷಯದಲ್ಲಿ ಅಚ್ಚನ್ನು ಪೂರ್ತಿ ನಂಬಲಾಗದು. ಚಿತ್ರದ ಕಟ್ಟಡ, ಪ್ರಾಣಿಯ ನಿಲುವು, ನೆಲಕ್ಕೂ ಪ್ರಾಣಿಗೂ ಇರುವ ಸಂಬಂಧ ಇವುಗಳ ವಿಷಯದಲ್ಲಿ ಧಾರಾಳವಾಗಿ ನಂಬಬಹುದು.

ಲಿಲ್ಯೆಫೋರ್ಸ್ ಹುಟ್ಟಿದ್ದು 1860ರಲ್ಲಿ, ಉಪ್ಸಾಲ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. 1879ರಿಂದ 1882ರವರೆಗೆ ಸ್ಟಾಕ್‌ಹೋಮಿನ ರಾಜಕಲಾಶಾಲೆಯಲ್ಲಿ ಕಲಿತ. ಪ್ರಾಣಿಚಿತ್ರದ ಅಭ್ಯಾಸಕ್ಕೆಂದು ಜರ್ಮನಿಯ ಡ್ಯುಸೆಲ್‌ಡಾರ್ಫಿಗೆ ಹೋದ. ಇಟಲಿ, ಫ್ರಾನ್ಸ್‌ಗಳನ್ನು ಕಂಡು ಊರಿಗೆ ಮರಳಿದ. 1939ರಲ್ಲಿ ತೀರಿಕೊಂಡ. ಜೀವನಚರಿತ್ರೆ ಇಷ್ಟು ಸಾಕು. ಅದಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಆ ಊರಿನ ಮಾಗಿ.

ಮಡಕಶಿರ, ರಾಯದುರ್ಗದ ಕಡೆಯ ನಮಗೆ ಮಾಗಿಯೆಂದರೆ ಬೆಳಗಿನ ಇಬ್ಬನಿ, ಶೇಂಗಾ ಕಿತ್ತ ಹೊಲ, ಕೆರೆಗೆ ಬಂದಿಳಿಯುವ ಪರದೇಶದ ಬಾತುಗಳು. ನಮ್ಮಲ್ಲಿ ಅದು ಹಕ್ಕಿ ಬರುವ ಕಾಲ. ಉಪ್ಸಾಲದಲ್ಲಿ ಅದು ಹಕ್ಕಿ ಹೋಗುವ ಕಾಲ. ಆ ಊರು ಉತ್ತರಕ್ಕೆ ಹೆಚ್ಚುಕಡಮೆ 60ನೆಯ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಹಗಲು ಸುಮಾರು ಆರು ಗಂಟೆ; ಆ ಆರು ಗಂಟೆಯಲ್ಲಿಯೂ ಸೂರ್ಯನು ಮೇಲೇರದೆ ದಿಗಂತದ ಅಂಚಿನಲ್ಲಿಯೇ ಸರಿದುಹೋಗುವನು. ನೆರಳು ಉದ್ದ. ನೆಲವೆಲ್ಲ ಬಿಳುಪು. ಹೆಚ್ಚಿನ ಹಕ್ಕಿಗಳು ದಕ್ಷಿಣಕ್ಕೆ ಹೋಗಿಬಿಟ್ಟಿರುತ್ತವೆ. ಉಳಿದವು ಹಸಿವಿನಿಂದ ಊರಿನ ಅಂಚಿಗೆ ಬರುತ್ತವೆ. ಎಲೆ ಉದುರಿದ ಮರದಲ್ಲಿ ಕುಳಿತ ಹಕ್ಕಿ ಮರೆಯಿಲ್ಲದೆ ಕಾಣುತ್ತದೆ. ರಾತ್ರಿ ನರಿ ಎಲ್ಲಿ ನಡೆಯಿತು, ಮೊಲ ಎಲ್ಲಿ ನಿಂತು ಕಿವಿಗೊಟ್ಟಿತು, ಎಲ್ಲಿ ಹಾರಿತು ಎಂಬುದೆಲ್ಲ ಬೆಳಗ್ಗೆ ಹಿಮದ ಮೇಲೆ ಅಕ್ಷರದಂತೆ ಮೂಡಿರುತ್ತದೆ. ಬಣ್ಣವನ್ನು ಕಸಿದುಕೊಳ್ಳುವ ಈ ಋತುವು ಪ್ರಾಣಿಗಳ ನಡೆಯನ್ನು ಓದುವವನಿಗೆ ತೆರೆದ ಪುಸ್ತಕ. ಲಿಲ್ಯೆಫೋರ್ಸನ ಹೆಸರು ಹಿಮದೊಡನೆ ಬೆಸೆದುಕೊಂಡಿರುವುದರ ಕಾರಣ ಇಲ್ಲಿದೆ.

ಇನ್ನು ಕ್ಯಾಮರಾದ ಮಾತು. ಅವನು ಯೌವನಕ್ಕೆ ಬಂದ ಹತ್ತು ವರ್ಷಗಳಲ್ಲಿ ಛಾಯಾಗ್ರಹಣದಲ್ಲಿ ದೊಡ್ಡದೊಂದು ಮಾರ್ಪಾಟಾಯಿತು. ಅದಕ್ಕೆ ಮುಂಚೆ ಪ್ಲೇಟಿನ ಮೇಲೆ ಚಿತ್ರ ಮೂಡಲು ವಸ್ತುವು ಸೆಕೆಂಡುಗಟ್ಟಲೆ ಅಲುಗದೆ ಇರಬೇಕಾಗಿತ್ತು. ಹಕ್ಕಿ ಎಲ್ಲಿ ಇರುತ್ತದೆ? ಒಣ ಜೆಲಟಿನ್ ಪ್ಲೇಟು ಬಂದ ಮೇಲೆ ಸೆಕೆಂಡಿನ ಸಣ್ಣ ಭಾಗವೂ ಸಾಕಾಯಿತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬವನು ಓಡುವ ಕುದುರೆಯ ಚಿತ್ರಗಳನ್ನು ಸಾಲಾಗಿ ತೆಗೆದನು. 1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಮಾರೇ ಬಂದೂಕಿನ ಆಕಾರದ ಕ್ಯಾಮರಾವೊಂದನ್ನು ಮಾಡಿ ಒಂದು ಸೆಕೆಂಡಿಗೆ 12 ಚಿತ್ರಗಳಂತೆ ಹಾರುವ ಹಕ್ಕಿಯನ್ನು ಹಿಡಿದನು. 1884ರಲ್ಲಿ ಪ್ರಷ್ಯದ ಆನ್‌ಶುಟ್ಸ್ ಎಂಬವನು ಗೂಡಿಗೆ ಇಳಿಯುವ, ಗೂಡಿನಿಂದ ಏಳುವ ಕೊಕ್ಕರೆಗಳ ಚಿತ್ರಗಳನ್ನು ತೆಗೆದು ಪ್ರಸಿದ್ಧನಾದನು. ಇಳಿಯುವಾಗ ಕಾಲು ಹೇಗೆ ಜೋಲುತ್ತದೆ, ರೆಕ್ಕೆಯ ತುದಿಯ ಗರಿಗಳು ಹೇಗೆ ಬೆರಳಿನಂತೆ ಬಿಡಿಬಿಡಿಯಾಗುತ್ತವೆ ಎಂಬುದನ್ನು ಜನ ಮೊದಲ ಸಲ ನಿಧಾನವಾಗಿ ನೋಡಿದರು. ಶತಮಾನಗಳಿಂದ ಚಿತ್ರಕಾರರು ಹಾರುವ ಹಕ್ಕಿಯೆಂದರೆ ಎರಡು ರೆಕ್ಕೆಯನ್ನೂ ಮೇಲಕ್ಕೆ ಹರಡಿ ಬರೆಯುತ್ತ ಬಂದಿದ್ದರಷ್ಟೆ. ಅದು ಹಾರಾಟದ ಅನೇಕ ಭಂಗಿಗಳಲ್ಲಿ ಒಂದು ಮಾತ್ರ ಎಂದು ಗೊತ್ತಾಯಿತು.

ಲಿಲ್ಯೆಫೋರ್ಸ್ 1886ರಲ್ಲಿ ಬರೆದ ಒಂದು ಚಿತ್ರದಲ್ಲಿ ಬಿಲ್ಲಿನಂತೆ ಬಾಗಿದ ರೆಕ್ಕೆಯ ಹಕ್ಕಿಗಳು ಗಾಳಿಯನ್ನು ಸೀಳುತ್ತ ಹೋಗುತ್ತವೆ. ಒಂದರ ರೆಕ್ಕೆ ಇದ್ದಂತೆ ಇನ್ನೊಂದರದು ಇಲ್ಲ. ಅದು ಬೇಸಗೆಯ ಚಿತ್ರವಾದರೂ ಇಲ್ಲಿ ಹೆಸರಿಸಬೇಕಾಯಿತು. ಏಕೆಂದರೆ ಹೊಸ ಛಾಯಾಗ್ರಹಣ ಹುಟ್ಟದೆ ಇದ್ದಿದ್ದರೆ ಚಿತ್ರಕಾರನಿಗೆ ಹಾಗೆ ಬರೆಯುವ ಧೈರ್ಯ ಬರುತ್ತಿರಲಿಲ್ಲವೆಂದು ತೋರುತ್ತದೆ. ಕಣ್ಣಿಗೆ ಮಸಕಾಗಿ ಕಂಡದ್ದು ನಿಜವಾಗಿ ಇದೆ ಎಂದು ಸಾಕ್ಷಿ ನುಡಿಯುವವನೊಬ್ಬ ಸಿಕ್ಕಿದ್ದನು.

ಆದರೆ ಆ ಸಾಕ್ಷಿಯ ಕಣ್ಣಿನ ದೋಷವನ್ನೂ ತಿಳಿದಿರಬೇಕು. ಅಂದಿನ ಪ್ಲೇಟು ಬಣ್ಣವನ್ನು ಹಿಡಿಯುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಪ್ಪು ಬಿಳುಪಿನಲ್ಲಿಯೂ ಅದು ಪಕ್ಷಪಾತಿಯಾಗಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಸಾಮಾನ್ಯ ಪ್ಲೇಟು ನೀಲಿ ಬೆಳಕಿಗೆ ಬೇಗನೆ ಮಣಿಯುತ್ತಿತ್ತು, ಕೆಂಪಿಗೆ ಹೆಚ್ಚುಕಡಮೆ ಕುರುಡಾಗಿತ್ತು. ನೀಲಿಯಾದದ್ದೆಲ್ಲ ಬಿಳಿಚಿಕೊಂಡೂ ಕೆಂಗಂದು ಬಣ್ಣದ್ದೆಲ್ಲ ಕಪ್ಪಾಗಿಯೂ ಬರುತ್ತಿದ್ದವು. ಈಗ ಹಿಮದ ಮೇಲಿನ ನೆರಳನ್ನು ನೆನೆಯಿರಿ. ಬಿಸಿಲು ಬಿದ್ದ ಹಿಮ ಹಳದಿಯ ಛಾಯೆಯ ಬಿಳುಪು. ನೆರಳಿನ ಭಾಗಕ್ಕೆ ಸೂರ್ಯನ ನೇರ ಬೆಳಕಿಲ್ಲ. ಅದನ್ನು ಬೆಳಗುವುದು ನೀಲಿಯ ಆಕಾಶ. ಆದುದರಿಂದ ನೆರಳು ನೀಲಿ. ಉತ್ತರದೇಶದ ಮಾಗಿಯ ಚೆಲುವೆಲ್ಲ ಈ ಹಳದಿ ನೀಲಿಗಳ ಆಟದಲ್ಲಿದೆ. ಪ್ಲೇಟು ಆ ನೀಲಿ ನೆರಳನ್ನು ಬಿಳಿಯ ಹಿಮದೊಡನೆ ಬೆರೆಸಿ ಅಳಿಸಿಬಿಡುತ್ತಿತ್ತು. ಹಿಮದಲ್ಲಿ ಮೊಲದ ಫೋಟೋ ತೆಗೆದುಕೊಂಡು ಬಂದು ಒಲೆಯ ಪಕ್ಕದಲ್ಲಿ ಕುಳಿತು ಅದನ್ನೇ ನೋಡಿ ಬರೆದ ಚಿತ್ರದಲ್ಲಿ ಮೊಲದ ಕಿವಿ ಸರಿಯಾಗಿರಬಹುದು. ಹಿಮ ಮಾತ್ರ ಸುಣ್ಣದ ಗೋಡೆಯಂತೆ ಇರುತ್ತದೆ. ಲಿಲ್ಯೆಫೋರ್ಸನ ಹಿಮದ ಚಿತ್ರಗಳಲ್ಲಿ ನೆರಳು ನೀಲಿಯಾಗಿಯೂ ಸಂಜೆಯ ಹೊತ್ತಿನದಾದರೆ ಊದಾಬಣ್ಣಕ್ಕೆ ತಿರುಗಿಯೂ ಇದೆ. ಅದನ್ನು ಅವನಿಗೆ ಯಾವ ಯಂತ್ರವೂ ಹೇಳಿಕೊಡಲಿಲ್ಲ. ಚಳಿಯಲ್ಲಿ ನಿಂತು ಕಂಡುಕೊಂಡದ್ದು ಅದು.

ಇದರಿಂದ ಒಂದು ತೀರ್ಮಾನಕ್ಕೆ ಬರಬಹುದು: ಕ್ಯಾಮರಾ ಅವನಿಗೆ ಭಂಗಿಯನ್ನು ಕೊಟ್ಟಿತು, ಬೆಳಕನ್ನು ಕೊಡಲಿಲ್ಲ. ಆದರೆ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಭಂಗಿ, ಬೆಳಕು ಎರಡೂ ಸರಿಯಾಗಿದ್ದು ಚಿತ್ರ ಸತ್ತಿರಬಹುದು.

ಅವನ ಮೊದಲ ದೊಡ್ಡ ಚಿತ್ರಗಳಲ್ಲಿ ಒಂದನ್ನು ನೋಡೋಣ. ಗಿಡುಗವೂ ಕಾಡುಕೋಳಿಯ ಜಾತಿಯ ಕರಿಯ ಹಕ್ಕಿಗಳೂ ಇರುವ ಚಿತ್ರ. 1883-84ರ ಮಾಗಿಯಲ್ಲಿ ಬರೆದದ್ದು. ಬಿಳಿಯ ನೆಲ, ಪೊದೆ, ಎರಗಿದ ಗಿಡುಗ, ಕರಿಯ ಹಕ್ಕಿಗಳ ಗಾಬರಿ. ಮೇಲುನೋಟಕ್ಕೆ ಕಣ್ಣೆದುರು ನಡೆದ ಕೊಲೆ. ಆದರೆ ಆ ಗಿಡುಗ ಬದುಕಿರಲಿಲ್ಲ. ಅದನ್ನು ತಾನೇ ಹೊಡೆದುದಾಗಿಯೂ, ಸತ್ತ ಗಿಡುಗವನ್ನೂ ಸತ್ತ ಕೋಳಿಗಳನ್ನೂ ಬಯಲಿನಲ್ಲಿ ಪೊದೆಗಳ ನಡುವೆ ಜೋಡಿಸಿ, ಕೊಂಬೆಗಳನ್ನು ಬಗ್ಗಿಸಿ, ಜೀವವಿರುವಂತೆ ತೋರಿಸಲು ಬಹಳ ಪಾಡುಪಟ್ಟುದಾಗಿಯೂ ಲಿಲ್ಯೆಫೋರ್ಸನೇ ಬರೆದಿಟ್ಟಿದ್ದಾನೆ. ನಿಜದಲ್ಲಿ ಅದು ಜಡವಸ್ತುಗಳ ಚಿತ್ರವೇ ಆಗಿತ್ತು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಜೊತೆಗೆ ಉಪ್ಸಾಲದ ಹತ್ತಿರ ತಾನು ಹಿಂದೆ ವಾಸವಾಗಿದ್ದ ಮನೆಯ ಸುತ್ತಣ ಹುಲ್ಲುಗಾವಲಿನಲ್ಲಿ ಕಂಡಿದ್ದ ಕರಿಯ ಹಕ್ಕಿಗಳ ಹಿಂಡಿನ ನೆನಪನ್ನೂ ಅದರಲ್ಲಿ ಸೇರಿಸಿದ್ದನು.

ನಮ್ಮವರ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಚಿತ್ರವನ್ನು ಬಲ್ಲವನಾರು ಎಂಬುದಕ್ಕೆ ಒಂದು ಲಕ್ಷಣ ಹೇಳಿದೆ: ಮಲಗಿದವನಲ್ಲಿ ಚೇತನವಿರುವಂತೆಯೂ ಸತ್ತವನಲ್ಲಿ ಚೇತನವಿಲ್ಲದಂತೆಯೂ ಬರೆಯಬಲ್ಲವನೇ ಚಿತ್ರವಿದನು. ಎರಡೂ ಅಲುಗದೆ ಬಿದ್ದಿರುವ ದೇಹಗಳೇ. ಗೆರೆಯಲ್ಲಿ ವ್ಯತ್ಯಾಸ ಬಹಳವಿಲ್ಲ. ಆ ಸ್ವಲ್ಪವನ್ನು ಕಾಣಬಲ್ಲ ಕಣ್ಣು ಬೇಕು. ಈ ಒರೆಗಲ್ಲಿಗೆ 1884ರ ಚಿತ್ರವನ್ನು ಉಜ್ಜಿ ನೋಡಿದರೆ ಏನು ತೋರುತ್ತದೆ? ಗಿಡುಗದ ಗರಿಗರಿಯೂ ಇದೆ. ಅಷ್ಟು ಸನಿಹದಿಂದ, ಅಷ್ಟು ಬಿಡಿಬಿಡಿಯಾಗಿ ಗರಿ ಎಣಿಸುವ ಅವಕಾಶ ಬದುಕಿದ ಗಿಡುಗ ಯಾರಿಗೂ ಕೊಡುವುದಿಲ್ಲ. ಆ ಎಣಿಕೆಯೇ ಸಾವಿನ ಗುಟ್ಟನ್ನು ಬಯಲಿಗೆಳೆಯುತ್ತದೆ. ನೆನಪಿನಿಂದ ಬಂದ ಹಿಂಡಿನ ಗಾಬರಿಯಲ್ಲಿ ಹೆಚ್ಚು ಉಸಿರಿದೆ. ಮಾದರಿಯಾಗಿ ಎದುರಿಗಿದ್ದದ್ದು ನಿರ್ಜೀವ, ಎದುರಿಗಿಲ್ಲದ್ದು ಸಜೀವ! ಚಿತ್ರ ಪ್ರಸಿದ್ಧವಾಯಿತು, ಇಂದಿಗೂ ಪ್ರಸಿದ್ಧವೇ. ಆದರೆ ಅವನ ಶ್ರೇಷ್ಠ ಕೃತಿಯೆಂದು ಅದನ್ನು ಎಣಿಸುವವರೊಡನೆ ನನಗೆ ಸಹಮತವಿಲ್ಲ.

ಕ್ಯಾಮರಾ ದೂಷಕರು ಇಲ್ಲಿ ಗಮನಿಸಬೇಕಾದ ವಿಷಯವುಂಟು. ಫೋಟೋಕ್ಕಿಂತ ಎಷ್ಟೋ ಹಳೆಯದಾದ, ಕಲಾಶಾಲೆಗಳು ಒಪ್ಪಿಕೊಂಡಿದ್ದ ಪದ್ಧತಿ ಇದು: ಎದುರಿಗೆ ವಸ್ತುವಿಟ್ಟು ಬರೆಯುವುದು. ಅದರಲ್ಲಿಯೂ ಚಿತ್ರ ಸಾಯಬಹುದು. ದೋಷ ಯಂತ್ರದಲ್ಲಿಲ್ಲ, ಕಂಡ ಒಂದು ಕ್ಷಣವನ್ನೇ ಪೂರ್ತಿ ಪ್ರಾಣಿಯೆಂದು ತಿಳಿಯುವುದರಲ್ಲಿದೆ. ಸತ್ತ ಗಿಡುಗವಾಗಲಿ ಫೋಟೋದ ಗಿಡುಗವಾಗಲಿ ಆ ಕ್ಷಣಕ್ಕೆ ಹಿಂದೆ ಏನು ಮಾಡುತ್ತಿತ್ತು, ಮುಂದೆ ಏನು ಮಾಡಲಿತ್ತು ಎಂಬುದನ್ನು ಹೇಳುವುದಿಲ್ಲ. ಅದನ್ನು ನೋಡುವವನೇ ತರಬೇಕು.

ಲಿಲ್ಯೆಫೋರ್ಸ್ ಅದನ್ನು ತಂದುದು ಪ್ರಾಣಿಗಳೊಡನೆ ಬಾಳಿ. ಅವನ ಮನೆಯ ಹಿತ್ತಿಲಿನಲ್ಲಿ ಒಂದು ಪ್ರಾಣಿಸಂಗ್ರಹವೇ ಇತ್ತು: ನರಿ, ಮೊಲ, ಅಳಿಲು, ಹದ್ದು, ದೊಡ್ಡ ಗೂಬೆ, ಗಿಡುಗ, ಕಾಡುಕೋಳಿಗಳು. ಪ್ರಾಣಿಗಳು ಅವನನ್ನು ನೆಚ್ಚಿ ಬಳಿಗೆ ಬರುತ್ತಿದ್ದವೆಂದು ಕಂಡವರು ಬರೆದಿದ್ದಾರೆ. ಕ್ಯಾಮರಾ, ಬಂದೂಕು, ಸಾಕಿದ ಪ್ರಾಣಿ, ಕಾಡಿನ ಕಾಯುವಿಕೆ, ನೆನಪು, ಇವೆಲ್ಲ ಒಂದೇ ಜೋಳಿಗೆಯಲ್ಲಿದ್ದವು. ಇಂಥ ಜೋಳಿಗೆಯಲ್ಲಿ ಫೋಟೋ ಇದ್ದರೆ ಹಾನಿಯೇನು? ಫೋಟೋ ಒಂದೇ ಇರುವ ಜೋಳಿಗೆಯ ಮಾತು ಬೇರೆ.

ಹಿಮದ ಮೊಲವನ್ನು ಅವನು ಹಲವು ಸಲ ಬರೆದನು. ಆ ನಾಡಿನ ಗುಡ್ಡದ ಮೊಲ ಮಾಗಿಯಲ್ಲಿ ಕಂದು ಕೂದಲನ್ನು ಉದುರಿಸಿ ಬಿಳಿಯ ಕೂದಲನ್ನು ಹೊದೆಯುತ್ತದೆ. ಕಿವಿಯ ತುದಿಯಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಬಿಳಿಯ ನೆಲದಲ್ಲಿ ಬಿಳಿಯ ಪ್ರಾಣಿ: ಚಿತ್ರಕಾರನಿಗೆ ಇದಕ್ಕಿಂತ ಕಷ್ಟದ ವಸ್ತುವಿಲ್ಲ. ಸುತ್ತ ಗೆರೆ ಎಳೆದರೆ ಮೊಲ ಕಾಣುತ್ತದೆ, ಹಿಮ ಹೋಗುತ್ತದೆ. ಎಳೆಯದಿದ್ದರೆ ಹಿಮ ಉಳಿಯುತ್ತದೆ, ಮೊಲ ಹೋಗುತ್ತದೆ. ಲಿಲ್ಯೆಫೋರ್ಸ್ ಗೆರೆ ಎಳೆಯುವುದಿಲ್ಲ. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲು ಕಿವಿಯ ತುದಿ, ಆಮೇಲೆ ಕಣ್ಣು. ಆ ಕಣ್ಣು ಎಷ್ಟು ಹೊತ್ತಿನಿಂದಲೋ ನಮ್ಮನ್ನೇ ನೋಡುತ್ತಿತ್ತು ಎಂದು ಆಗ ಗೊತ್ತಾಗುತ್ತದೆ. ನೀಲಿಯ ನೆರಳೊಂದು ಹೊಟ್ಟೆಯ ಕೆಳಗಿದೆ. ಅದರಿಂದಲೇ ದೇಹದ ತೂಕ ತಿಳಿಯಬೇಕು. ನಮ್ಮ ಹೊಲದ ಕಂದು ಮೊಲವನ್ನು ಬಲ್ಲವರಿಗೆ ಈ ಅನುಭವ ಹೊಸದಲ್ಲ. ಒಣಹುಲ್ಲಿನ ಬುಡದಲ್ಲಿ ಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಕುಳಿತಿದ್ದರೂ ಅದು ಎದ್ದು ಓಡುವವರೆಗೆ ಕಾಣುವುದಿಲ್ಲ. ಕಾಣದೆ ಇರುವುದನ್ನು ಚಿತ್ರದಲ್ಲಿ ಕಾಣಿಸುವುದು ಹೇಗೆ ಎಂಬ ಸಮಸ್ಯೆಯನ್ನು ಅವನು ಬಿಡಿಸಿದ್ದಾನೆ. ಕಂಡುಹಿಡಿಯುವ ಕೆಲಸವನ್ನು ನೋಡುವವನಿಗೇ ಬಿಟ್ಟಿದ್ದಾನೆ.

ಇಲ್ಲಿ ಕ್ಯಾಮರಾದ ಇನ್ನೊಂದು ಉಪಕಾರವನ್ನು ಹೇಳಬೇಕು. ಹಳೆಯ ಪ್ರಾಣಿಚಿತ್ರಗಳಲ್ಲಿ ಪ್ರಾಣಿ ನಡುವೆ, ಪೂರ್ತಿಯಾಗಿ, ಪಕ್ಕಕ್ಕೆ ತಿರುಗಿ ನಿಂತಿರುತ್ತದೆ, ಸಂತೆಯಲ್ಲಿ ಮಾರಾಟಕ್ಕೆ ನಿಲ್ಲಿಸಿದ ಎತ್ತಿನಂತೆ. ಫೋಟೋದ ಚೌಕಟ್ಟು ಹಾಗೆ ಮರ್ಯಾದೆ ಕೊಡುವುದಿಲ್ಲ. ಹಾರುವ ಹಕ್ಕಿಯ ಅರ್ಧ ಮಾತ್ರ ಸಿಕ್ಕುತ್ತದೆ, ಮುಂದಿನ ಕೊಂಬೆ ಅಡ್ಡ ಬರುತ್ತದೆ, ಪ್ರಾಣಿ ಮೂಲೆಯಲ್ಲಿರುತ್ತದೆ. ಛಾಯಾಗ್ರಾಹಕನು ಇದನ್ನು ದೋಷವೆಂದು ಎಸೆಯುತ್ತಿದ್ದನು. ಯೂರೋಪಿನ ಚಿತ್ರಕಾರರು ಅದೇ ಕಾಲದಲ್ಲಿ ಜಪಾನಿನ ಚಿತ್ರಗಳಲ್ಲಿಯೂ ಇಂಥದೇ ಕತ್ತರಿಸಿದ ಅಂಚನ್ನೂ ಖಾಲಿ ಬಿಟ್ಟ ಜಾಗವನ್ನೂ ಕಂಡು ಬೆರಗಾದರು; ಲಿಲ್ಯೆಫೋರ್ಸನ ಮೇಲೂ ಜಪಾನಿನ ಪ್ರಭಾವವಿದೆ. ಅವನಲ್ಲಿ ಅಂಚಿನಲ್ಲಿ ತುಂಡಾದ ರೆಕ್ಕೆ ಅಲಂಕಾರವಲ್ಲ. ಪ್ರಾಣಿಯ ಲೋಕ ಚೌಕಟ್ಟಿನ ಆಚೆಗೂ ಇದೆ, ನಮಗೆ ಸಿಕ್ಕಿದ್ದು ಅದರ ಒಂದು ಚೂರು ಎಂಬ ತಿಳಿವಳಿಕೆ ಅದು.

ಶ್ರೀ ಶಂಕುಕನ ಚಿತ್ರತುರಗನ್ಯಾಯವನ್ನು ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಓದಿದವರಿಗೆ ಇಲ್ಲಿ ಅದು ನೆನಪಿಗೆ ಬಾರದಿರದು. ಚಿತ್ರದ ಕುದುರೆಯನ್ನು ಕಂಡು ನಾವು ಕುದುರೆಯೆನ್ನುತ್ತೇವೆ. ಆ ಅರಿವು ಸತ್ಯಜ್ಞಾನವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಹೋಲಿಕೆಯೆಂಬ ಅರಿವೂ ಅಲ್ಲ. ಬೇರೆಯೇ ಒಂದು ಬಗೆ. ಶಂಕುಕನು ಇದನ್ನು ಹೇಳಿದ್ದು ರಸವು ಅನುಕರಣವೆಂದು ಸಾಧಿಸಲು. ಅಭಿನವಗುಪ್ತನೂ ಅವನ ಗುರು ಭಟ್ಟತೌತನೂ ಆ ಅನುಕರಣವಾದವನ್ನು ಒಪ್ಪಲಿಲ್ಲ. ಹಿಮದ ಮೊಲದ ಮುಂದೆ ನಿಂತರೆ ಅವರು ಒಪ್ಪದಿದ್ದುದು ಏಕೆಂದು ಹೊಳೆಯುತ್ತದೆ. ಇದು ಮೊಲದ ಅನುಕರಣವೇ ಆಗಿದ್ದರೆ ಫೋಟೋ ಇದನ್ನು ಮೀರಿಸಬೇಕಾಗಿತ್ತು. ಚಿತ್ರದಲ್ಲಿ ಇರುವುದು ಮೊಲ ಕಂಡ ಅನುಭವ. ಅದಕ್ಕೆ ತಡವಾಗಿ ಕಾಣುವುದು ಬೇಕೇ ಬೇಕು. ಫೋಟೋ ಎಲ್ಲವನ್ನೂ ಒಟ್ಟಿಗೆ ಒಪ್ಪಿಸಿಬಿಡುತ್ತದೆ.

1904ರ ಒಂದು ಚಿತ್ರದಲ್ಲಿ ದೊಡ್ಡ ಹದ್ದು ಮೊಲವನ್ನು ಅಟ್ಟಿಕೊಂಡು ಬರುತ್ತದೆ. ಓದುಗರಿಗೆ ಕಾಳಿದಾಸನ ಶಾಕುಂತಲದ ಮೊದಲ ಅಂಕ ನೆನಪಾಗಬೇಕು: ರಥದ ಮುಂದೆ ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆ, ಬಾಯಿಂದ ಉದುರುವ ಅರ್ಧ ಅಗಿದ ಹುಲ್ಲು. ಕ್ಯಾಮರಾ ಇಲ್ಲದ ಕಾಲದಲ್ಲಿ ಕಣ್ಣು ಎಷ್ಟನ್ನು ಹಿಡಿಯಬಲ್ಲುದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತನು ಆ ಶ್ಲೋಕವನ್ನೇ ಎತ್ತಿಕೊಳ್ಳುತ್ತಾನೆ. ಅವನ ಮಾತಿನ ತಾತ್ಪರ್ಯ ಇದು: ಅಲ್ಲಿ ತೋರುವ ಭಯ ಈ ಜಿಂಕೆಯದಲ್ಲ, ನನ್ನದಲ್ಲ, ನಿನ್ನದಲ್ಲ, ದೇಶಕಾಲಗಳ ಕಟ್ಟು ಕಳಚಿದ ಭಯವೇ ಎದೆಯಲ್ಲಿ ನೆಲಸುತ್ತದೆ. ಲಿಲ್ಯೆಫೋರ್ಸನ ಮೊಲದಲ್ಲಿಯೂ ಹಾಗೆಯೇ. ಹದ್ದು ಕ್ರೂರವಾಗಿ ಕಾಣುವುದಿಲ್ಲ, ಮೊಲ ದೀನವಾಗಿ ಕಾಣುವುದಿಲ್ಲ. ಹದ್ದಿಗೆ ಹಸಿವು; ಮೊಲಕ್ಕೆ ಕಾಲು. ಕಣ್ಣೀರು ಬರಿಸುವ ಪ್ರಾಣಿಚಿತ್ರಗಳನ್ನು ಬರೆದ ಅವನ ಸಮಕಾಲೀನರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರನ್ನು ಕಾಲ ಮರೆತಿದೆ. ಬೇಟೆಗಾರನ ಕೈಯಲ್ಲಿ ಕರುಣೆ ಎಲ್ಲಿಂದ ಎಂದು ಕೆಲವರು ಕೇಳಬಹುದು. ಕರುಣೆಯನ್ನು ಅವನು ಬರೆದಿಲ್ಲ, ನಿಜ. ನೋಡುವವನಲ್ಲಿ ಅದು ಹುಟ್ಟುವುದನ್ನು ತಡೆದೂ ಇಲ್ಲ.

ಅವನ ಎಲ್ಲ ಕೃತಿಗಳಿಗೂ ಈ ಹೊಗಳಿಕೆ ಸಲ್ಲದು. ಹದ್ದು, ಮೊಲ, ಬಾತುಗಳನ್ನು ಮತ್ತೆ ಮತ್ತೆ ಬರೆದುದರಲ್ಲಿ ಕೈ ಪಳಗಿದ್ದು ಹೌದು. ಪಳಗಿದ ಕೈ ಕಣ್ಣಿಗೆ ಕಾಯದೆ ಮುಂದೆ ನಡೆದುಬಿಟ್ಟ ಚಿತ್ರಗಳೂ ಉಂಟು. 1893ರಲ್ಲಿ ಸ್ಟಾಕ್‌ಹೋಮಿನಲ್ಲಿ ಗುಸ್ತಾಫ್ ಕೊಲ್ತೊಫ್ ಎಂಬವನು ತೆರೆದ ಜೀವಿವಿಜ್ಞಾನ ಸಂಗ್ರಹಾಲಯಕ್ಕೆ ಲಿಲ್ಯೆಫೋರ್ಸ್ ದೊಡ್ಡ ಹಿನ್ನೆಲೆ ಚಿತ್ರಗಳನ್ನು ಬರೆದುಕೊಟ್ಟನು: ಮುಂದೆ ತು೦ಬಿಟ್ಟ ಪ್ರಾಣಿಗಳು, ಹಿಂದೆ ಅವನ ಕಾಡು, ಕಡಲು. ಪಾಠಕ್ಕೆ ಅದು ಬಹು ಉಪಯುಕ್ತ. ಅಂಥದೊಂದು ನಮ್ಮ ಜಿಲ್ಲೆಗೊಂದಿದ್ದರೆ ಎಂದು ಯಾವ ಉಪಾಧ್ಯಾಯನಿಗೂ ಆಸೆಯಾದೀತು. ಕಲೆಯಾಗಿ ನೋಡಿದರೆ ಅದು 1884ರ ಸತ್ತ ಗಿಡುಗದ ದಾರಿಯೇ.

ಇದೇ ಕಾಲದಲ್ಲಿ ಇದೇ ವಸ್ತುವನ್ನು ಹಿಡಿದು ಬೇರೆ ಕಡೆಗೆ ಹೋದವನೊಬ್ಬನಿದ್ದಾನೆ. ಅವನನ್ನು ಪಕ್ಕದಲ್ಲಿಟ್ಟರೆ ಲಿಲ್ಯೆಫೋರ್ಸನ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಅಬ್ಬಟ್ ಥೇಯರ್ (1849-1921) ಕೂಡ ಚಿತ್ರಕಾರನೇ. ಪ್ರಾಣಿಗಳ ಬೆನ್ನು ಗಾಢವಾಗಿಯೂ ಹೊಟ್ಟೆ ತಿಳಿಯಾಗಿಯೂ ಇರುವುದು ಮೇಲಿನಿಂದ ಬೀಳುವ ಬೆಳಕನ್ನೂ ಕೆಳಗಿನ ನೆರಳನ್ನೂ ಸರಿದೂಗಿಸಿ ದೇಹವನ್ನು ಚಪ್ಪಟೆಯಾಗಿ ಕಾಣಿಸುತ್ತದೆ, ಆದುದರಿಂದ ಪ್ರಾಣಿ ಮರೆಯಾಗುತ್ತದೆ ಎಂದು ಅವನು 1896ರಲ್ಲಿ ತೋರಿಸಿಕೊಟ್ಟನು. ಕುಂಚ ಹಿಡಿದು ಬೆಳಕು ನೆರಳು ಬರೆದು ಪಳಗಿದವನಿಗೇ ಹೊಳೆಯಬಹುದಾದ ವಿಷಯ. ವಿಜ್ಞಾನಿಗಳು ಅದನ್ನು ಮಾನ್ಯಮಾಡಿದರು. ಆದರೆ 1909ರಲ್ಲಿ ಮಗನೊಡನೆ ಸೇರಿ ಹೊರತಂದ ದೊಡ್ಡ ಪುಸ್ತಕದಲ್ಲಿ ಅವನು ಎಲ್ಲ ಪ್ರಾಣಿಯ ಎಲ್ಲ ಬಣ್ಣವೂ ಮರೆಗಾಗಿಯೇ ಇದೆ ಎಂದು ಹಟಹಿಡಿದನು. ಹಿಮದ ಮೇಲಿನ ನೀಲಿ ನೆರಳಿನಲ್ಲಿ ನೀಲಿಯ ಹಕ್ಕಿ ಅಡಗುವ ಚಿತ್ರವೊಂದು ಅದರಲ್ಲಿದೆ; ಅದನ್ನು ನಂಬಬಹುದು. ಎಲೆಗಳ ನಡುವೆ ಕರಗಿಹೋದ ಗಂಡುನವಿಲಿನ ಚಿತ್ರವೂ ಇದೆ! ನಮ್ಮ ಹೊಲಗಳಿಗೆ ಬರುವ ನವಿಲನ್ನು ಕಂಡ ಯಾವ ಹುಡುಗನೂ ಇದಕ್ಕೆ ನಗುವನು. ಸಂಜೆಯ ಕೆಂಪಿನಲ್ಲಿ ಅಡಗಲೆಂದೇ ರಾಜಹಂಸಕ್ಕೆ ನಸುಗೆಂಪು ಬಂದಿತೆಂದೂ ಅವನ ವಾದ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1911ರಲ್ಲಿ ಉದ್ದವಾದ ಲೇಖನವನ್ನೇ ಬರೆದು ಇದನ್ನು ಖಂಡಿಸಿದರು. ಥೇಯರನ ಕೈಯಲ್ಲಿಯೂ ಕುಂಚವಿತ್ತು, ಎದುರಿಗೆ ಮಾದರಿಯಿತ್ತು, ಪುಸ್ತಕದ ತುಂಬ ಫೋಟೋಗಳೂ ಇದ್ದವು. ಸಿದ್ಧಾಂತ ಮುಂಚೆ ಬಂದು ಕುಳಿತ ಮೇಲೆ ಅವೆಲ್ಲ ಅದಕ್ಕೆ ಹೌದೆಂದವು. ಲಿಲ್ಯೆಫೋರ್ಸನ ಮೊಲ ಅಡಗುತ್ತದೆ. ಅವನ ಕರಿಯ ಕೋಳಿ ಹಿಮದಲ್ಲಿ ಮಸಿಯ ಚುಕ್ಕೆಯಂತೆ ಎದ್ದು ಕಾಣುತ್ತದೆ. ಎರಡನ್ನೂ ಕಂಡಂತೆ ಬರೆದನು.

ಇಷ್ಟು ದೂರದ ವಿಷಯವನ್ನು ನಮ್ಮ ಸಂಘದ ಸಂಚಿಕೆಗೆ ಏಕೆ ತಂದೆನೆಂದು ಕೇಳುವವರಿಗೆ ಒಂದು ಮಾತು. ಗಡಿಭಾಗದ ಅನೇಕ ಕನ್ನಡ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟರ ಹುದ್ದೆ ಹೆಸರಿಗುಂಟು, ಆಳಿಲ್ಲ. ಕನ್ನಡ ಪಂಡಿತರೋ ಗಣಿತದ ಮೇಷ್ಟರೋ ಆ ಪಿರಿಯಡ್ಡನ್ನು ಸಾಗಿಸುತ್ತಾರೆ. ಗೋಡೆಯ ಪಟದ ಗಿಣಿಯನ್ನು ನೋಡಿ ಬರೆಯಿರಿ ಎಂದರೆ ಪಾಠವಾಯಿತು. ಈಗ ಪಟದ ಜಾಗಕ್ಕೆ ಮೊಬೈಲು ಫೋನು ಬಂದಿದೆ. ಪ್ರತಿ ಮನೆಯಲ್ಲಿಯೂ ಒಂದು ಕ್ಯಾಮರಾ ಇದೆ. ಅದನ್ನು ನಿಷೇಧಿಸುವುದು ಆಗುವ ಮಾತಲ್ಲ, ಬೇಕಾದ ಮಾತೂ ಅಲ್ಲ.

ಹಿಂದೂಪುರದ ಆಚೆ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಮಾಗಿ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬಂದು ಊರ ನಡುವಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಬಂದ ಮೇಲೆ ಬರೆಸಿದ ಚಿತ್ರಗಳು ನನ್ನ ಬಳಿ ಇವೆ. ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದವರು ಅದನ್ನು ಎದುರಿಗಿಟ್ಟುಕೊಂಡು ಬರೆದರು. ಹನ್ನೊಂದು ಹಾಳೆಗಳಲ್ಲಿ ಕೊಕ್ಕರೆ ಒಂದೇ ರೀತಿ ಪಕ್ಕಕ್ಕೆ ತಿರುಗಿ ನಿಂತಿದೆ. ಹಳದಿ ಕೊಕ್ಕು, ಬಾಲದ ಬಳಿಯ ನಸುಗೆಂಪು ಗರಿ ಎಲ್ಲ ಸರಿಯಾಗಿವೆ. ಫೋನಿಲ್ಲದ ಹುಡುಗರ ಚಿತ್ರಗಳಲ್ಲಿ ಬಣ್ಣ ತಪ್ಪಿದೆ, ಕೊಕ್ಕು ಕೋಲಿನಂತಿದೆ. ಆದರೆ ಮರವಿದೆ, ಮರದ ಕೆಳಗೆ ಹಿಕ್ಕೆಯಿಂದ ಬೆಳ್ಳಗಾದ ಹೆಂಚಿನ ಮಾಡಿದೆ, ಕಟ್ಟೆಯ ಮೇಲೆ ತಲೆಯೆತ್ತದೆ ಕುಳಿತ ಮುದುಕನಿದ್ದಾನೆ. ಒಂದರಲ್ಲಿ ಇಳಿಯುವ ಕೊಕ್ಕರೆಯ ಜೋತ ಎರಡು ಕಾಲು ಮತ್ತು ಒಂದು ರೆಕ್ಕೆ ಮಾತ್ರ ಹಾಳೆಯ ಮೇಲಂಚಿನಿಂದ ಕೆಳಗೆ ಬಂದಿವೆ. ಉಳಿದದ್ದು ಹಾಳೆಯ ಆಚೆ. ಹಕ್ಕಿ ಪೂರ್ತಿಯಾಗಿ ಬಂದಿಲ್ಲವೆಂದು ಅದಕ್ಕೆ ಹತ್ತರಲ್ಲಿ ಮೂರು ಅಂಕ ಬಿದ್ದಿತ್ತು. ಆನ್‌ಶುಟ್ಸನ ಕೊಕ್ಕರೆಗಳ ಅಚ್ಚನ್ನು ತರಿಸಿ ಆ ಹಾಳೆಯ ಪಕ್ಕದಲ್ಲಿಟ್ಟು ಅಂಕ ಕೊಟ್ಟ ಉಪಾಧ್ಯಾಯರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಮುಂದಿನ ಮಾಗಿಯಲ್ಲಿ ಮೊದಲ ದಿನ ಬರಿಗೈಯಲ್ಲಿ ಕಾಗದ ಪೆನ್ಸಿಲು ಮಾತ್ರ ಹಿಡಿದು ಹೋಗುವುದು, ಎರಡನೆಯ ದಿನ ಫೋನು ಒಯ್ಯುವುದು, ಎರಡು ದಿನದ ಚಿತ್ರಗಳನ್ನೂ ಒಂದೇ ಗೋಡೆಗೆ ಹಚ್ಚುವುದು ಎಂದು ಈಗ ಇಬ್ಬರೂ ನಿಶ್ಚಯಿಸಿದ್ದೇವೆ.